ತೂಬು, ಗುಂಟೆ, ಟಿ ಟೆಸ್ಟ್: ನಾನು ಆರ್ ಕಲಿತ ಬಗೆ

ಭದ್ರಾ ನಾಲೆಯ ನೀರು ಮೊದಲು ಸಿಗುವ ಊರುಗಳಿಗೂ ದಾವಣಗೆರೆ, ಹರಿಹರ ಕಡೆಯ ಕೊನೆ ಭಾಗದ ಊರುಗಳಿಗೂ ಭತ್ತದ ಇಳುವರಿಯಲ್ಲಿ ಎಷ್ಟು ಅಂತರವಿದೆ? ನನ್ನ ಪಿಎಚ್‌ಡಿಯ ಒಂದು ಅಧ್ಯಾಯ ಇಷ್ಟೇ. ನಾನು ಪಿಯುಸಿಯಲ್ಲಿ ಕಲಾ ವಿಭಾಗ ಓದಿದವನು. ದುಡ್ಡು ಕೊಟ್ಟರೆ ಲೆಕ್ಕ ಮಾಡಿಕೊಡುವವರು ಸಿಗುತ್ತಾರೆ, ಆದರೆ ಜಗಲಿಯ ಮೇಲೆ ಕೂತು ರೈತರಿಂದ ಕೇಳಿ ಬರೆದುಕೊಂಡ ಅಂಕಿ ಏನು ಹೇಳುತ್ತಿದೆ ಎಂಬುದು ನನಗೇ ತಿಳಿಯಬೇಕಿತ್ತು.

ಆರಿಸಿಕೊಂಡದ್ದು ಆರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ಕಟ್ಟಿದ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆ. ಉಚಿತ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಅಂಕಿ ತುಂಬುವ ಕೆಲಸ. ನಮ್ಮಲ್ಲಿ ಎರಡು ಎಕರೆ ಹತ್ತು ಗುಂಟೆಯನ್ನು 2-10 ಎಂದು ಬರೆಯುತ್ತಾರೆ. ಎಕ್ಸೆಲ್‌ನಲ್ಲಿ ಹಾಗೇ ಹೊಡೆದರೆ ಅದು ತಾರೀಖಾಗಿಬಿಡುತ್ತದೆ. 2.10 ಎಂದರೂ ತಪ್ಪು, ಏಕೆಂದರೆ ಎಕರೆಗೆ 40 ಗುಂಟೆ, ಸರಿಯಾದದ್ದು 2.25. ಅದಕ್ಕೇ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಇಟ್ಟು, ಕೂಡಿಸುವ ಕೆಲಸವನ್ನು ಆರ್‌ಗೆ ಬಿಟ್ಟೆ. ಚೀಲದ ತೂಕಕ್ಕೂ ಬೇರೆ ಕಾಲಂ. ರೈತರು ಉತ್ತರ ಹೇಳದ ಕಡೆ ಸೊನ್ನೆ ತುಂಬದೆ ಖಾಲಿ ಬಿಟ್ಟೆ. ಆರ್ ಅದನ್ನು ಎನ್‌ಎ (ಅಂಕಿ ಇಲ್ಲ) ಎಂದು ಓದಿಕೊಂಡು, ಖಾಲಿ ಇದ್ದದ್ದನ್ನು ಬಿಟ್ಟು ಲೆಕ್ಕ ಹಾಕು ಎಂದು ನಾವಾಗಿ ಹೇಳುವವರೆಗೂ ಆ ಕಾಲಂನ ಸರಾಸರಿ ಕೊಡುವುದಿಲ್ಲ. ಈ ಹಟ ನನಗೆ ತುಂಬಾ ಇಷ್ಟ.

ಸೂತ್ರಕ್ಕೆ ಮೊದಲು ಸುಳ್ಳು ಅಂಕಿ ಸೃಷ್ಟಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ನಾನು ನಿಜವಾಗಿ ಕಲಿತದ್ದು ಅಲ್ಲಿಯೇ. ಎಕರೆಗೆ ಸರಾಸರಿ 24 ಕ್ವಿಂಟಾಲ್, ಪ್ರಮಾಣ ವಿಚಲನೆ (ಸರಾಸರಿಯ ಸುತ್ತ ಇಳುವರಿ ಎಷ್ಟು ಹರಡಿದೆ ಎಂಬ ಅಳತೆ) 5 ಇರುವ ಒಂದು ಕಲ್ಪಿತ ಊರು. ಅಲ್ಲಿಂದ 25 ರೈತರನ್ನು ಆರಿಸಿ ಸರಾಸರಿ ತೆಗೆ, ಇದನ್ನೇ ಸಾವಿರ ಸಲ ಮಾಡು ಎಂದು ಆರ್‌ನ 'ರೆಪ್ಲಿಕೇಟ್' ಆದೇಶಕ್ಕೆ ಹೇಳಿದರೆ, ಬರುವ ಸರಾಸರಿಗಳಲ್ಲಿ ನೂರಕ್ಕೆ 95ರಷ್ಟು 22ರಿಂದ 26ರ ಒಳಗೆ ಬೀಳುತ್ತವೆ. ರೈತರನ್ನು 100ಕ್ಕೆ ಏರಿಸಿದರೆ ಆ ಹರವು ಅರ್ಧಕ್ಕೆ ಇಳಿಯುತ್ತದೆ. ಮಾದರಿಯನ್ನು ನಾಲ್ಕು ಪಟ್ಟು ಮಾಡಿದರೆ ಸಿಗುವುದು ಎರಡು ಪಟ್ಟು ನಿಖರತೆ ಮಾತ್ರ ಎಂಬುದು ಪರದೆಯ ಮೇಲೆ ಕಂಡಾಗ, ಇನ್ನೆಷ್ಟು ಊರು ಸುತ್ತಬೇಕು ಎಂಬ ಲೆಕ್ಕವೂ ಸಿಕ್ಕಿತು.

ಪಿ ವ್ಯಾಲ್ಯೂ ಅರ್ಥವಾದದ್ದೂ ಹೀಗೆಯೇ. 'ಮೇಲ್ಭಾಗ', 'ಕೊನೆ ಭಾಗ' ಎಂಬ ಹೆಸರುಗಳನ್ನು ರೈತರ ನಡುವೆ ಚೀಟಿ ಎತ್ತಿದಂತೆ ಮನಬಂದಂತೆ ಹಂಚಿ, ಪ್ರತಿ ಸಲವೂ ಎರಡು ಗುಂಪುಗಳ ಸರಾಸರಿಯ ಅಂತರ ಬರೆದಿಟ್ಟುಕೊಳ್ಳುವುದು. ಹತ್ತು ಸಾವಿರ ಹಂಚಿಕೆಯಲ್ಲಿ ನನ್ನ ನಿಜವಾದ ಅಂತರದಷ್ಟು ಅಥವಾ ಅದಕ್ಕಿಂತ ದೊಡ್ಡದು ಎಷ್ಟು ಸಲ ಬಂತೋ ಆ ಪಾಲೇ ಪಿ ವ್ಯಾಲ್ಯೂ. ಇದಾದ ಮೇಲೆ, ಎರಡು ಸರಾಸರಿಗಳ ಅಂತರವನ್ನು ಸೂತ್ರದಿಂದ ಪರೀಕ್ಷಿಸುವ ಟಿ ಟೆಸ್ಟ್ ಓಡಿಸಿದೆ, ಉತ್ತರ ಹತ್ತಿರ ಹತ್ತಿರವೇ ಬಂತು. ಎರಡು ಗುಂಪುಗಳ ಏರಿಳಿತ ಒಂದೇ ಸಮ ಎಂದು ಆರ್ ತಾನಾಗಿ ಊಹಿಸುವುದಿಲ್ಲ, ವೆಲ್ಚ್ ವಿಧಾನ ಬಳಸುತ್ತದೆ. ಕೆಲವರ ಇಳುವರಿ ತೀರಾ ಕುಸಿಯುವ ಕೊನೆ ಭಾಗಕ್ಕೆ ಅದೇ ಸರಿ. ಪ್ರಶ್ನಾವಳಿಯ ಎಲ್ಲ ಕಾಲಂಗಳ ಮೇಲೂ ಇದನ್ನು ಓಡಿಸಲಿಲ್ಲ. ಎಲ್ಲೂ ವ್ಯತ್ಯಾಸವೇ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಪಿ ವ್ಯಾಲ್ಯೂ, ವ್ಯತ್ಯಾಸ ಇದೆ ಎನ್ನಲು ರೂಢಿಯಲ್ಲಿರುವ ಗಡಿಯಾದ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಶೇ 64.

ಇಷ್ಟಾದರೂ ಒಂದು ತೊಡಕು ಉಳಿಯಿತು. ಒಂದೇ ತೂಬಿನಿಂದ ನೀರು ಹಾಯಿಸಿಕೊಳ್ಳುವ ಗದ್ದೆಗಳ ಇಳುವರಿ ಒಂದಕ್ಕೊಂದು ಹೋಲುತ್ತದೆ. ಆ ರೈತರನ್ನು ಬಿಡಿ ಬಿಡಿಯಾಗಿ ಎಣಿಸಿದರೆ ಇಲ್ಲದ ನಿಖರತೆ ಇದ್ದಂತೆ ತೋರುತ್ತದೆ. ಹಾಗಾಗಿ ಹೆಸರುಗಳನ್ನು ರೈತರ ನಡುವೆ ಅಲ್ಲ, ಊರುಗಳ ನಡುವೆ ಹಂಚಿ ಮತ್ತೆ ಓಡಿಸಿದೆ. ಪಿ ವ್ಯಾಲ್ಯೂ ಏರಿತು, ಅಂತರದ ಮೇಲಿನ ಭರವಸೆ ಸ್ವಲ್ಪ ಸಡಿಲಾಯಿತು. ಅಧ್ಯಾಯದಲ್ಲಿ ಹಾಕಿದ್ದು ಈ ಎರಡನೆಯ ಲೆಕ್ಕವನ್ನೇ, ಎಕರೆಗೆ ಇಷ್ಟರಿಂದ ಇಷ್ಟು ಕ್ವಿಂಟಾಲ್ ಎಂಬ ವ್ಯಾಪ್ತಿಯ ಜೊತೆಗೆ.