ಎಳ್ಳು ಬೀರೋ ತಟ್ಟೆ ಮಕ್ಕಳ ಕೈಗೇ ಕೊಡಿ

ಸಂಕ್ರಾಂತಿ ಅಂದ್ರೆ ಏನು ಅಂತ ನಾಲ್ಕೈದು ವರ್ಷದ ಮಗುವನ್ನು ಕೂರಿಸಿಕೊಂಡು ಪಾಠ ಮಾಡಬೇಡಿ. ಎರಡೇ ನಿಮಿಷಕ್ಕೆ ಎದ್ದು ಓಡುತ್ತೆ. ಕೈಗೆ ಕೆಲಸ ಕೊಡಿ, ಪ್ರಶ್ನೆ ತಾನಾಗೇ ಬರುತ್ತೆ.

ನಮ್ಮ ಮನೆಯಲ್ಲಿ ಜನವರಿ ಮೊದಲ ವಾರಕ್ಕೇ ಹಬ್ಬ ಶುರು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಹೆಚ್ಚೋದು, ಅಡಿಕೆ ಕತ್ತರಿಯಲ್ಲಿ ಬೆಲ್ಲ ಚೂರು ಮಾಡೋದು ದೊಡ್ಡವರ ಪಾಲು. ಹುರಿದ ಕಡಲೆಕಾಯಿ ಬೀಜ ಮಕ್ಕಳ ಪಾಲು. ಆರಿದ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡಿ, ಚೆನ್ನಾಗಿ ಉಜ್ಜುತ್ತವೆ. ಆಮೇಲೆ ಮೊರಕ್ಕೆ ಹಾಕಿ ಊದೋಕೆ ಬಿಡಿ. ಸಿಪ್ಪೆಯೆಲ್ಲ ಅವರ ಮುಖಕ್ಕೇ ಹಾರುತ್ತೆ, ಮನೆ ತುಂಬಾ ನಗು. ಬೈಬೇಡಿ, ಗುಡಿಸಿದರಾಯ್ತು.

ನನ್ನ ಅಳತೆ ಅರ್ಧ ಪಾವು ಬಿಳಿ ಎಳ್ಳಿಗೆ ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ಒಂದೊಂದು ಪಾವು. ಕೊಬ್ಬರಿ, ಬೆಲ್ಲ ಎರಡು ದಿನ ಬಿಸಿಲು ಕಾಣಲಿ. ಒಂದು ವರ್ಷ ಅವಸರಕ್ಕೆ ಬಿಸಿ ಎಳ್ಳನ್ನೇ ಬೆಲ್ಲಕ್ಕೆ ಸುರಿದುಬಿಟ್ಟೆ. ಬೆಳಗ್ಗೆ ನೋಡಿದರೆ ಡಬ್ಬದಲ್ಲಿ ಒಂದೇ ಮುದ್ದೆ! ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವರ ಪಾಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ.

ಸಕ್ಕರೆ ಅಚ್ಚಿನ ಪಾಕದ ಹತ್ತಿರ ಮಕ್ಕಳು ಬೇಡವೇ ಬೇಡ. ಮರದ ಅಚ್ಚು ನೀರಲ್ಲಿ ನೆನೆಹಾಕೋದು, ಆರಿದ ಮೇಲೆ ಬಿಚ್ಚೋದು ಅವರ ಕೆಲಸವಾಗಲಿ. ಆನೆಯೋ ಗಿಣಿಯೋ ಹೊರಗೆ ಬಂದಾಗ ಅವರ ಮುಖ ನೋಡಬೇಕು. ಸೊಂಡಿಲು ಮುರಿದ ಆನೆ ಮಾಡಿದವರ ಬಾಯಿಗೇ.

ಉತ್ತರಾಯಣ ಹೇಗಪ್ಪಾ ತಿಳಿಸೋದು ಅಂತೀರಾ? ಡಿಸೆಂಬರ್ 22ರ ಸುಮಾರಿಗೆ ಬೆಳಗ್ಗೆ ಮಹಡಿಗೆ ಕರೆದುಕೊಂಡು ಹೋಗಿ. ಸೂರ್ಯ ಯಾವ ಮರದ ಪಕ್ಕ, ಯಾವ ನೀರಿನ ಟ್ಯಾಂಕ್ ಹಿಂದೆ ಹುಟ್ಟಿದ ಅಂತ ಚಿತ್ರ ಬರೆಸಿ. ಜನವರಿ ಕೊನೆಗೆ ಅದೇ ಜಾಗದಲ್ಲಿ ನಿಂತು ನೋಡಿದರೆ ಸೂರ್ಯ ಎಡಕ್ಕೆ, ಅಂದ್ರೆ ಉತ್ತರಕ್ಕೆ, ಜರುಗಿರುತ್ತಾನೆ. ನಮ್ಮ ಹಬ್ಬ 14 ಅಥವಾ 15ಕ್ಕೆ ಬಂದರೂ ಸೂರ್ಯ ಮೊದಲೇ ತಿರುಗಿದ್ದನಲ್ಲ ಅಜ್ಜಿ ಅಂತ ಮೊಮ್ಮಗಳು ನನ್ನನ್ನೇ ಹಿಡಿದಿದ್ದಳು. ಹೌದಮ್ಮಾ, ಹಬ್ಬ ಸೂರ್ಯ ಮಕರ ರಾಶಿಗೆ ಬರೋ ದಿನಕ್ಕೆ ಅಂದೆ. ಅಷ್ಟು ಸಾಕು.

ಸಂಜೆ ಎಳ್ಳು ಬೀರೋಕೆ ಹೋಗುವಾಗ ತಟ್ಟೆ ಮಗುವಿನ ಕೈಯಲ್ಲೇ ಇರಲಿ. ಎಳ್ಳಿನ ಪೊಟ್ಟಣ, ಅಚ್ಚು, ಕಬ್ಬಿನ ತುಂಡು, ಎಲಚಿ ಹಣ್ಣು, ಜಾಸ್ತಿ ಭಾರ ಬೇಡ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅಂತ ಅದೇ ಹೇಳಲಿ. ನೀವು ಮಾತು ಬಿಟ್ಟ ಮನೆ ಇದ್ದರೆ ಅಲ್ಲಿಗೇ ಮೊದಲು ಹೋಗಿ, ಮಗು ಮುಂದೆ, ನೀವು ಹಿಂದೆ. ಪೊಟ್ಟಣ ಮಾತ್ರ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ ಕಟ್ಟಿ. ಮೆಟ್ಟಿಲು ಇಳಿಯೋಷ್ಟರಲ್ಲಿ ಎರಡು ಖಾಲಿಯಾಗಿರುತ್ತೆ.