ಹಳದಿ ಹೆಡ್‌ಲೈಟ್: ಟೂತ್‌ಪೇಸ್ಟ್ ಬಿಡಿ, ವಾಟರ್ ಪೇಪರ್ ಹಿಡಿ

ಐದಾರು ವರ್ಷ ಬಿಸಿಲಲ್ಲೇ ನಿಂತ ಕಾರು ನೋಡಿ. ಬಾಡಿ ಫಳಫಳ ಅನ್ನುತ್ತಿರುತ್ತದೆ, ಹೆಡ್‌ಲೈಟ್‌ಗೆ ಮಾತ್ರ ಕಾಮಾಲೆ. ಭಾನುವಾರ ಬಂತೆಂದರೆ ಯಾರಾದರೊಬ್ಬರು ಹಳೇ ಬ್ರಷ್ಷು, ಟೂತ್‌ಪೇಸ್ಟ್ ಹಿಡಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಸಂಜೆಗೆ ಲೈಟು ಹೊಳೆಯುತ್ತದೆ, ಫೋಟೊ ಸ್ಟೇಟಸ್‌ಗೆ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ.

ಅಂಬಾಸಡರ್, ಪದ್ಮಿನಿ ಕಾಲದ ಹೆಡ್‌ಲೈಟ್ ಗಾಜಿನದು, ಅದಕ್ಕೆ ಈ ರೋಗ ಇರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಮೇಲ್ಮೈ ಮೆತ್ತಗೆ, ಬಿಸಿಲಿನ ಯುವಿ ಕಿರಣಕ್ಕೆ ತಡೆಯುವುದಿಲ್ಲ. ಅದಕ್ಕೇ ಫ್ಯಾಕ್ಟರಿಯಲ್ಲೇ ಮೇಲೊಂದು ತೆಳ್ಳನೆ ಗಟ್ಟಿ ಕೋಟಿಂಗ್ ಕೊಟ್ಟಿರುತ್ತಾರೆ. ಆ ಕೋಟಿಂಗ್ ಸತ್ತಾಗಲೇ ಮಂಜು, ಹಳದಿ, ಸಿಪ್ಪೆ ಏಳುವುದು. ಟೂತ್‌ಪೇಸ್ಟ್‌ನ ನುಣ್ಣನೆ ಪುಡಿ ಸತ್ತ ಪದರವನ್ನು ಒಂದಿಷ್ಟು ಕೆರೆಯುತ್ತದೆ, ಆ ಜಾಗಕ್ಕೆ ಬೇರೇನೂ ಕೊಡುವುದಿಲ್ಲ. ಹೊಸ ಕೋಟಿಂಗ್ ಹಾಕುವ ಯೋಚನೆ ಇಲ್ಲದಿದ್ದರೆ ಉಜ್ಜಲೇಬೇಡಿ.

ಮೊದಲು ಒಂದು ಪರೀಕ್ಷೆ

ಲೈಟಿನ ಮೇಲೆ ನೀರು ಸುರಿದು ನೋಡಿ. ಒದ್ದೆಯಿದ್ದಷ್ಟು ಹೊತ್ತು ತಿಳಿಯಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ತೊಂದರೆ ಹೊರಗಿದೆ, ಸರಿ ಹೋಗುತ್ತದೆ. ನೀರು ಹಾಕಿದರೂ ಮಂಜು ಹಾಗೇ ಇದ್ದರೆ, ಒಳಗೆ ಹನಿ ಕಟ್ಟಿದ್ದರೆ, ಎಷ್ಟು ಉಜ್ಜಿದರೂ ತೋಳು ನೋವು ಅಷ್ಟೇ. ಸೀಲ್ ಹೋಗಿರಬಹುದು, ಗ್ಯಾರೇಜಿಗೆ ತೋರಿಸಿ.

ತೊಳೆದು ಟೇಪ್ ಹಚ್ಚಿ

ಕಾರು ನೆರಳಲ್ಲಿರಲಿ, ಲೈಟು ತಣ್ಣಗಿರಲಿ. ಶಾಂಪೂ ಹಾಕಿ ತೊಳೆದು, ಒರೆಸಿ, ಸುತ್ತಲಿನ ಬಂಪರ್, ಬಾನೆಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಚ್ಚಿ.

ಉಜ್ಜುವುದು: ಕೆಲಸ ಕೆಡುವುದು ಇಲ್ಲೇ

ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ, ನೀರು ಹಾಕಿಕೊಂಡು ಉಜ್ಜುವ ಮರಳು ಕಾಗದ ಅದು. ಬೇಕಾದ ನಂಬರ್ 1000, 1500, 2000, 3000; ನಂಬರ್ ಏರಿದಷ್ಟೂ ಪೇಪರ್ ನುಣ್ಣಗೆ. ಸಿಪ್ಪೆ ಎದ್ದಿದ್ದರೆ 800ರಿಂದ ಶುರು ಮಾಡಿ. ಹಾಳೆಗಳನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ. ಸ್ಪ್ರೇ ಬಾಟಲಿಯ ನೀರಿಗೆ ಎರಡು ಹನಿ ಶಾಂಪೂ ಬಿಡಿ, ಪೇಪರ್ ಜಾರಿಕೊಂಡು ಓಡುತ್ತದೆ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಗೆರೆ ಬೀಳುತ್ತದೆ, ಪೇಪರನ್ನು ಸ್ಪಂಜಿನ ತುಂಡಿಗೆ ಸುತ್ತಿಕೊಳ್ಳಿ.

ಎಲ್ಲರೂ ಎಡವುವುದು ಮೊದಲ ಪೇಪರಿನಲ್ಲಿ. ಎರಡು ನಿಮಿಷ ಉಜ್ಜುತ್ತಾರೆ, ಲೈಟು ಇನ್ನೂ ಮಂಕಾಗಿದ್ದು ನೋಡಿ ಹೆದರುತ್ತಾರೆ, 2000ಕ್ಕೆ ಹಾರುತ್ತಾರೆ. ಮಂಕಾಗಲೇಬೇಕು, ಹೆದರಬೇಡಿ. ನೀವು ನೋಡಬೇಕಾದ್ದು ಕೆಳಗಿಳಿಯುವ ನೀರನ್ನು. ಶುರುವಿನಲ್ಲಿ ಹಳದಿ ಮಿಶ್ರಿತ ಕೆಸರು ಇಳಿಯುತ್ತದೆ. ಕೋಟಿಂಗ್ ಹೋಗುತ್ತಾ ಬಂದ ಹಾಗೆ ಹಾಲುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬಟ್ಟೆಯಿಂದ ಪೂರ್ತಿ ಒಣಗಿಸಿ, ಓರೆಯಾಗಿ ಬೆಳಕು ಬಿಟ್ಟು ನೋಡಿ. ಅಲ್ಲಲ್ಲಿ ಮ್ಯಾಪಿನ ಗಡಿಯಂತೆ ಅಂಚು ಕಂಡರೆ ಹಳೇ ಕೋಟಿಂಗ್ ಇನ್ನೂ ಉಳಿದಿದೆ. ಮೇಲಂಚಿಗೆ ಬಿಸಿಲು ಜಾಸ್ತಿ, ಅಲ್ಲಿ ಬೇಗ ಹೋಗುತ್ತದೆ. ಕೆಳಗಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎಲ್ಲಾ ಕಡೆ ಒಂದೇ ಥರ ಮಂಕಾಗುವ ತನಕ ಮೊದಲ ಪೇಪರ್ ಬಿಡಬೇಡಿ. ಒಟ್ಟು ಸಮಯದ ಅರ್ಧ ಇಲ್ಲೇ ಹೋದರೂ ಹೋಗಲಿ.

ಇನ್ನೊಂದು, ಗುಂಡಗೆ ಉಜ್ಜಬೇಡಿ. 1000 ಅಡ್ಡಡ್ಡ ಓಡಿಸಿದರೆ 1500 ಉದ್ದುದ್ದ, 2000 ಮತ್ತೆ ಅಡ್ಡ. ಆಗ ಹಿಂದಿನ ಪೇಪರಿನ ಗೀರು ಅಳಿಸಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹಿಂದಿನ ಗೀರು ಒಂದೇ ಒಂದು ಉಳಿದಿದ್ದರೂ ಮುಂದಿನ ನಂಬರಿಗೆ ಹೋಗಬೇಡಿ, ಅದನ್ನು ಆಮೇಲೆ ಯಾವ ಪಾಲಿಷೂ ತೆಗೆಯುವುದಿಲ್ಲ. ಪೇಪರ್ ಬದಲಿಸುವಾಗ ಲೈಟು, ಸ್ಪಂಜು, ಕೈ ಮೂರನ್ನೂ ತೊಳೆಯಿರಿ. ಹಳೇ ಪೇಪರಿನ ಒಂದು ಕಣ ಸಿಕ್ಕಿಕೊಂಡರೂ ಸಾಕು, ಮಾಡಿದ ಕೆಲಸ ಹಾಳು.

ಡ್ರಿಲ್ಲಿಗೆ ಪ್ಯಾಡ್ ಸಿಕ್ಕಿಸಿ ಐದು ನಿಮಿಷದಲ್ಲಿ ಮುಗಿಸುವವರಿದ್ದಾರೆ. ಒಂದೇ ಕಡೆ ನಿಂತರೆ ಪ್ಲಾಸ್ಟಿಕ್ ಬಿಸಿಯಾಗಿ ಸುಡುತ್ತದೆ. ಮೊದಲ ಸಲಕ್ಕೆ ಕೈಯೇ ವಾಸಿ. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ, ಪಾಲಿಕಾರ್ಬೊನೇಟ್ ಒಳಗೊಳಗೇ ಸಣ್ಣ ಬಿರುಕು ಬಿಡುತ್ತದೆ. ಮೈಗೆ ಹಚ್ಚುವ ಸೊಳ್ಳೆ ಕ್ರೀಮ್ ತಿಕ್ಕುವುದೂ ಒಂದು ಶಾರ್ಟ್‌ಕಟ್. ಅದರಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ, ಆ ಹೊಳಪು ಅದರದ್ದೇ.

ರಬ್ಬಿಂಗ್ ಕಾಂಪೌಂಡ್ ಬೇಕಾ?

ಉಜ್ಜಿ ಹೊಳಪು ತರುವ ಈ ಪೇಸ್ಟ್ ಬೇಕೋ ಬೇಡವೋ ಅನ್ನುವುದು ನೀವು ಯಾವ ಕೋಟಿಂಗ್ ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸ್ಪ್ರೇ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಹೊಡೆಯುವುದಾದರೆ 2000ಕ್ಕೆ ನಿಲ್ಲಿಸಿ, ಕಾಂಪೌಂಡ್ ಬೇಡ. ತೀರಾ ನುಣುಪಾದರೆ ಕ್ಲಿಯರ್ ಹಿಡಿಯುವುದಿಲ್ಲ, ಆ ಸಣ್ಣ ಗೀರುಗಳನ್ನು ಅದೇ ತುಂಬುತ್ತದೆ. ಬಟ್ಟೆಯಲ್ಲಿ ಒರೆಸಿ ಹಚ್ಚುವ ಕೋಟಿಂಗ್ ಆದರೆ 3000 ಮುಗಿಸಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಹೊಳಪು ಬರುವ ತನಕ ತಿಕ್ಕಿ.

ಕೋಟಿಂಗ್

ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಆಮೇಲೆ ಬೆರಳು ಮುಟ್ಟಿಸಬೇಡಿ. ಜಾಸ್ತಿ ಬಾಳಿಕೆ ಬರುವುದು ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್, ಯುವಿ ತಡೆ ಇದೆಯೆಂದು ಬರೆದಿರುವಂಥದ್ದು. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು. ಸರಿಯಾದ ರೆಸ್ಪಿರೇಟರ್ ಇಲ್ಲದವರು ಉಜ್ಜುವುದನ್ನು ಮನೆಯಲ್ಲಿ ಮುಗಿಸಿ, ಸ್ಪ್ರೇಯನ್ನು ಪೇಂಟಿಂಗ್ ಶಾಪಿನಲ್ಲಿ ಹೊಡೆಸಿಕೊಳ್ಳಿ. ಮನೆಯಲ್ಲೇ ಪೂರ್ತಿ ಮಾಡುವವರಿಗೆ ನನ್ನ ಸಲಹೆ ಒರೆಸುವ ಯುವಿ ಕೋಟಿಂಗ್. ಒಂದೇ ದಿಕ್ಕಿನಲ್ಲಿ, ಒಂದೇ ಎಳೆತ. ಹಿಂದೆ ತಿರುಗಿ ತಿದ್ದಲು ಹೋದರೆ ಪಟ್ಟೆ ಬೀಳುತ್ತದೆ. ಅಗ್ಗದ ಸಾದಾ ಲ್ಯಾಕರ್ ಸ್ಪ್ರೇ ಮಾತ್ರ ಸುಮ್ನೆ ಕೊಡುತ್ತಾರೆಂದರೂ ಬೇಡ, ಬಿಸಿಲಿಗೆ ಅದೇ ಹಳದಿಯಾಗಿ ಸಿಪ್ಪೆ ಏಳುತ್ತದೆ. ಕಾರ್ ವ್ಯಾಕ್ಸ್ ಕೋಟಿಂಗ್‌ಗೆ ಬದಲಿ ಅಲ್ಲ.

ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕೊಡಿ. ಧೂಳು ಏಳುವ ಕಡೆ ನಿಲ್ಲಿಸಬೇಡಿ, ಮಳೆ ಮೋಡ ಇರುವ ದಿನ ಕೈ ಹಾಕಲೇಬೇಡಿ.

ಬೆಳಕು ಸಾಲುತ್ತಿಲ್ಲ ಅಂತ ಈ ಕೆಲಸ ಬಿಟ್ಟು 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬಿನ ಜಾಗಕ್ಕೆ 100/90 ಹಾಕಿಸುವವರೂ ಇದ್ದಾರೆ. ಮಂಜಾದ ಲೆನ್ಸು ಆ ಬೆಳಕನ್ನೂ ಚದುರಿಸಿ ಎದುರಿಂದ ಬರುವವರ ಕಣ್ಣಿಗೇ ಹೊಡೆಯುತ್ತದೆ, ರಸ್ತೆಗೆ ಬೀಳುವುದು ಅಷ್ಟಕ್ಕಷ್ಟೇ. ವೈರಿಂಗ್ ಬಿಸಿಯಾಗುವುದು ಬೇರೆ.

ಒರೆಸುವ ಕೋಟಿಂಗ್ ಮುಂದೆಂದಾದರೂ ಮಂಕಾಗತೊಡಗಿದರೆ ಹಳದಿಯಾಗುವ ತನಕ ಕಾಯಬೇಡಿ. ಆಗ 1000 ಬೇಕಾಗುವುದಿಲ್ಲ. 2000, 3000 ಓಡಿಸಿ, ಕಾಂಪೌಂಡ್ ತಿಕ್ಕಿ, ಮತ್ತೊಂದು ಕೈ ಒರೆಸಿದರೆ ಸಾಕು.