ಕಂಬಳದ ಕೋಣಗಳಿಗೆ ರ‍್ಯಾಂಕಿಂಗ್: ನನ್ನ ಅನುಭವ

ಮೊನ್ನೆ ಸೀಸನ್ನಿನ ಕೊನೆಯ ಕಂಬಳಕ್ಕೆ ಎರಡು ದಿನ ಮುಂಚೆ ಒಂದು ಕವರ್ ಅಂಟಿಸಿ, ಕೋಣ ಸಾಕುವ ಹಿರಿಯ ಯಜಮಾನರೊಬ್ಬರ ಕೈಗೆ ಕೊಟ್ಟೆ. ಹಗ್ಗ ಮತ್ತು ನೇಗಿಲು ವಿಭಾಗದಲ್ಲಿ (ಕೋಣಕ್ಕೆ ಏನು ಕಟ್ಟಿ ಓಡಿಸುತ್ತಾರೆ ಅನ್ನುವುದರ ಮೇಲೆ ಈ ಹೆಸರು) ಯಾವ ಜೋಡಿ ಯಾವುದಕ್ಕಿಂತ ಮುಂದೆ ಅಂತ ಅದರೊಳಗೆ ಬರೆದಿದ್ದೆ. "ಕೋಣಕ್ಕೆ ಎಂಥ ಮಾರ್ಕು ಮಾರಾಯ, ಅದು ಪರೀಕ್ಷೆ ಬರೀತದಾ?" ಅಂತ ಮೂರು ವರ್ಷದಿಂದ ಹೇಳುತ್ತಿದ್ದವರು ಅವರೇ. ಭಾನುವಾರ ಮಧ್ಯಾಹ್ನ ಕವರ್ ಒಡೆದು, ಇಬ್ಬರೂ ಕೂತು ಟಿಕ್ ಹಾಕಿದೆವು. ಸುಮಾರು 40 ಓಟದಲ್ಲಿ 32 ಅಥವಾ 33 ಸರಿ ಬಂದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಕಿರಿಯ ಜೋಡಿ ಎಷ್ಟನೇದು ಉಂಟು?" ಅಂದರು. ಆ ಒಂದು ಮಾತಿಗಾಗಿ ಮೂರು ಸೀಸನ್ ಕಾದಿದ್ದೆ.

ಮೊದಲ ವರ್ಷ ಎಲ್ಲರೂ ಯೋಚಿಸುವ ಹಾಗೆ ಮೆಡಲ್ ಲೆಕ್ಕ ಹಾಕಿದೆ. ಪ್ರಥಮಕ್ಕೆ 5, ದ್ವಿತೀಯಕ್ಕೆ 3, ಸೆಮಿಗೆ 1. ಜನವರಿ ಹೊತ್ತಿಗೇ ಗೊತ್ತಾಯಿತು, ಇದು ಕೋಣದ ಪಟ್ಟಿ ಅಲ್ಲ, ಲಾರಿ ಬಾಡಿಗೆಯ ಪಟ್ಟಿ. ವಾರ ವಾರವೂ ಕೋಣ ಕಳಿಸುವ ಶಕ್ತಿ ಇದ್ದವರೇ ಮೇಲೆ. ಮನೆಯಲ್ಲಿ ಒಂದೇ ಜೋಡಿ ಸಾಕಿ, ಹುರುಳಿ ಬೇಯಿಸಿ ಹಾಕಿ, ವರ್ಷಕ್ಕೆ ಏಳೆಂಟು ಕಂಬಳಕ್ಕೆ ಮಾತ್ರ ಬರುವವರು ತಳದಲ್ಲಿ. ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದು. ಮೊದಲ ಸುತ್ತಿನಲ್ಲೇ ಚಾಂಪಿಯನ್ ಜೋಡಿ ಎದುರು ಬಿದ್ದು, 0.05 ಸೆಕೆಂಡಿನಲ್ಲಿ ಸೋತ ಜೋಡಿಗೆ ಸೊನ್ನೆ. ಇದು ನ್ಯಾಯ ಹೇಗಾಗುತ್ತದೆ?

ಎರಡನೇ ವರ್ಷ ಟೈಮಿಂಗ್ ಹಿಡಿದೆ. ಲೇಸರ್ ಇದೆ, ಸೆಕೆಂಡಿನ ನೂರರಲ್ಲಿ ಒಂದು ಭಾಗದವರೆಗೂ ಸಿಗುತ್ತದೆ, ಇನ್ನೇನು ಬೇಕು ಅಂದುಕೊಂಡೆ. ಕರೆಗಳ, ಅಂದರೆ ಕೋಣ ಓಡುವ ಕೆಸರು ಗದ್ದೆಗಳ, ಉದ್ದ ಬೇರೆ ಬೇರೆ ಆದ್ದರಿಂದ ಎಲ್ಲವನ್ನೂ 100 ಮೀಟರಿಗೆ ಇಳಿಸಿದೆ. 2020ರ ಫೆಬ್ರವರಿ ನೆನಪಿದೆಯಲ್ಲ? ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನು 100 ಮೀಟರಿಗೆ 9.55 ಅಂತ ಮಾಡಿ, ಇಡೀ ದೇಶ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಸ್ವಲ್ಪ ದಿನಕ್ಕೆ ವೇಣೂರಿನಲ್ಲಿ ನಿಶಾಂತ್ ಶೆಟ್ಟರದ್ದು 9.51 ಅಂತ ಬಂತು. ಇಬ್ಬರ ಓಟವೂ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಐಕಳದ ಕೆಸರು ಬೇರೆ, ವೇಣೂರಿನ ಕೆಸರು ಬೇರೆ. ಆ 0.04 ಕೋಣದ್ದಾ, ಕರೆಯದ್ದಾ? ತ್ರೈರಾಶಿಕ ಹಾಕಿದರೆ ಅದು ಗೊತ್ತಾಗುವುದಿಲ್ಲ.

ಗಂತಿನಿಂದ, ಅಂದರೆ ಓಟ ಶುರುವಾಗುವ ಜಾಗದಿಂದ, ಹೊರಡುವಾಗ ಕೋಣ ನಿಧಾನ. ಆಮೇಲೆ ವೇಗ ಹಿಡಿಯುತ್ತದೆ. ಕರೆ ಉದ್ದ ಇದ್ದಷ್ಟೂ ಆ ಮೊದಲಿನ ನಿಧಾನ ಹಂಚಿಹೋಗಿ, 100 ಮೀಟರಿನ ಲೆಕ್ಕ ಚೆನ್ನಾಗಿ ಕಾಣುತ್ತದೆ. ಅದನ್ನು ಸರಿಮಾಡಿದರೆ ಓಡಿದ ಹೊತ್ತಿನ ಸಮಸ್ಯೆ ಬಂತು. ಶನಿವಾರ ಬೆಳಿಗ್ಗೆ ಹೊಸ ನೀರಿನಲ್ಲಿ ಓಡಿದ್ದೂ, ನೂರಾರು ಜೋಡಿ ತುಳಿದ ಮೇಲೆ ಭಾನುವಾರ ಬೆಳಗಿನ ಜಾವ ಓಡಿದ್ದೂ ಒಂದೇ ಆಗುತ್ತದಾ? ಆ ವರ್ಷದ ಪಟ್ಟಿ ಪ್ರಿಂಟ್ ಹಾಕಿಸಿ ಹಂಚಿದ್ದೆ. ಸೆಮಿಯನ್ನೇ ಕಾಣದ ಜೋಡಿಯೊಂದು ಅದರಲ್ಲಿ ಮೂರನೇ ಸ್ಥಾನದಲ್ಲಿತ್ತು, ಬೆಳಿಗ್ಗೆ ಮೊದಲು ಓಡಿತ್ತು ಅನ್ನುವ ಒಂದೇ ಕಾರಣಕ್ಕೆ. ಜನ ನನ್ನ ಎದುರೇ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ತುಂಬ ನೋವಾಯಿತು.

ದಾರಿ ಸಿಕ್ಕಿದ್ದು ಒಂದು ಬೆಳಗಿನ ಜಾವ, 3 ಗಂಟೆ ಹೊತ್ತಿಗೆ. ಓಟ ಮುಗಿಯುವ ಕಡೆ, ಮಂಜೊಟ್ಟಿಯ ಪಕ್ಕ ನಿಂತಿದ್ದೆ. ಹಗ್ಗ ವಿಭಾಗದ ಹಿರಿಯ ದರ್ಜೆಯ ಎರಡು ಜೋಡಿ ಒಟ್ಟಿಗೆ ಬಂದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀರು ಬೆಳ್ಳಗೆ ಎದ್ದು ನನ್ನ ಪುಸ್ತಕದ ಮೇಲೆ ಬಿತ್ತು. ಬರೆದ ಟೈಮಿಂಗೆಲ್ಲ ಕಲಸಿ ನೀಲಿ ಆಯಿತು. ಪಕ್ಕದವರನ್ನು "ಎಷ್ಟಾಯ್ತು?" ಅಂತ ಕೇಳಿದರೆ, "ಟೈಮ್ ಗೊತ್ತಿಲ್ಲ ಮಾರ್ರೆ, ಅರ್ಧ ಕೋಣದಷ್ಟು ಮುಂದೆ" ಅಂದರು. ಅಲ್ಲೇ ಹೊಳೆಯಿತು. ಅಕ್ಕಪಕ್ಕ ಎರಡು ಕರೆ, ಜೋಡುಕರೆ, ಇರುವುದೇ ಅದಕ್ಕಲ್ವಾ! ಅದೇ ಹೊತ್ತು, ಅದೇ ನೀರು, ಅದೇ ಮಣ್ಣು. ಒಟ್ಟಿಗೆ ಓಡಿದವುಗಳ ನಡುವಿನ ಅಂತರ ಮಾತ್ರ ನಂಬಬೇಕು. ಉಳಿದ ಟೈಮಿಂಗನ್ನು ನೋಡಲೇಬಾರದು.

ಅಲ್ಲಿಂದ ಮುಂದೆ ಚೆಸ್‌ನವರ ರೇಟಿಂಗ್ ಪದ್ಧತಿ ತಂದೆ. ಎಲ್ಲ ಜೋಡಿಗೂ 1500ರಿಂದ ಶುರು. ದೊಡ್ಡವರನ್ನು ಸೋಲಿಸಿದರೆ ಜಾಸ್ತಿ ಅಂಕ, ಚಿಕ್ಕವರನ್ನು ಸೋಲಿಸಿದರೆ ಕಡಿಮೆ. ಚೆಸ್‌ನಲ್ಲಿ ಗೆಲುವು, ಸೋಲು, ಡ್ರಾ ಮಾತ್ರ. ನಾನು ಅಂತರವನ್ನೂ ಸೇರಿಸಿದೆ. 0.05ರಲ್ಲಿ ಸೋತವರಿಗೆ ಹೆಚ್ಚು ನಷ್ಟ ಇಲ್ಲ. 0.60ಕ್ಕಿಂತ ಜಾಸ್ತಿ ಅಂತರ ಬಂದರೆ 0.60 ಅಂತಲೇ ಹಿಡಿಯುತ್ತೇನೆ, ಯಾಕೆಂದರೆ ಅಷ್ಟು ಅಂತರ ಬರುವುದು ಹೆಚ್ಚಾಗಿ ಕೋಣ ಅಡ್ಡ ಹೋದಾಗ. ಓಟಗಾರ ಬಿದ್ದರೆ ಆ ಓಟ ಲೆಕ್ಕಕ್ಕೇ ಇಲ್ಲ. ಅಂತರಕ್ಕೆ ಎಷ್ಟು ಅಂಕ ಅನ್ನುವ ಕೋಷ್ಟಕ ನನ್ನ ಪುಸ್ತಕದಲ್ಲೇ ಇರಲಿ. ನನ್ನ ಬೆವರು ಅದು.

ಇಷ್ಟಾದರೂ ಸರಿ ಬರಲಿಲ್ಲ. ಎರಡು ಕರೆಗಳೇ ಸಮ ಇರುವುದಿಲ್ಲ. ಕೋಟಿ-ಚೆನ್ನಯ, ಸೂರ್ಯ-ಚಂದ್ರ, ವಿಜಯ-ವಿಕ್ರಮ ಅಂತ ಜೋಡುಕರೆಗಳ ಹೆಸರಿನಲ್ಲಿ ಅವಳಿ ಇದ್ದ ಹಾಗೆ ಇರುತ್ತದೆ. ಮಣ್ಣಿನಲ್ಲಿ ಹಾಗಲ್ಲ. ಒಂದು ಕಂಬಳದಲ್ಲಿ 60 ಚಿಲ್ಲರೆ ಓಟ ಎಣಿಸಿದೆ. 40ರಷ್ಟನ್ನು ಒಂದೇ ಬದಿಯ ಕರೆಯಲ್ಲಿ ಓಡಿದವರು ಗೆದ್ದಿದ್ದರು. ಹಾಗಾಗಿ ಈಗ ಪ್ರತಿ ಕಂಬಳಕ್ಕೂ ಎಡ ಬಲದ ಒಂದು ತಿದ್ದುಪಡಿ ಇದೆ. ಹೆಸರುವಾಸಿ ಜೋಡಿಗಳೇ ಒಂದು ಬದಿಗೆ ಬಿದ್ದ ದಿನ ಅದನ್ನು ಹೇಗೆ ತೆಗೆಯುವುದು ಅನ್ನುವುದನ್ನು ಹೇಳುವುದಿಲ್ಲ. ಕೂತು ಯೋಚಿಸಿದರೆ ನಿಮಗೂ ಸಿಗುತ್ತದೆ.

ನಡುವೆ ಮಣ್ಣಿನ ಹಿಂದೆಯೂ ಬಿದ್ದಿದ್ದೆ. ಪ್ರತಿ ಕರೆಯಿಂದ ಒಂದು ಸ್ಟೀಲ್ ಲೋಟ ಕೆಸರು ನೀರು ತುಂಬಿ, ಮರಳು ತಳಕ್ಕೆ ಕೂರಲು ಎಷ್ಟು ಹೊತ್ತು ಬೇಕು ಅಂತ ನೋಡುವುದು. ಬೇಗ ಕೂತರೆ ಮರಳು ಜಾಸ್ತಿ, ಕಾಲು ಹೂಳುವುದು ಕಡಿಮೆ. ಹನ್ನೆರಡು ಕಂಬಳದಲ್ಲಿ ಹೀಗೆ ಮಾಡಿದೆ. ರ‍್ಯಾಂಕಿಂಗಿಗೆ ಏನೂ ಉಪಯೋಗಕ್ಕೆ ಬರಲಿಲ್ಲ. ಆದರೆ ಮರಳು ಜಾಸ್ತಿ ಇದ್ದ ಕಡೆ ಯಾವ ಜೋಡಿ ಚೆನ್ನಾಗಿ ಓಡುತ್ತದೆ ಅಂತ ಈಗ ನೋಡಿದ ಕೂಡಲೇ ಹೇಳಬಲ್ಲೆ. ಓಟಗಾರರಿಗೂ ಬೇರೆ ಪಟ್ಟಿ ಮಾಡಲು ಹೊರಟಿದ್ದೆ. ಒಳ್ಳೆಯ ಓಟಗಾರನಿಗೆ ಒಳ್ಳೆಯ ಕೋಣವೇ ಸಿಗುವುದರಿಂದ ಯಾರಿಂದ ಯಾರು ಗೆದ್ದರು ಅಂತ ಬಿಡಿಸಲು ಆಗುತ್ತಿಲ್ಲ. ಅದು ಇನ್ನೂ ಬಾಕಿ.

ಕನೆಹಲಗೆ ಅನ್ನುವ ವಿಭಾಗವನ್ನು ಮುಟ್ಟಿಲ್ಲ. ಅಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮಬೇಕು, ಅದರ ಚಂದವೇ ಬೇರೆ.

ಹೆಚ್ಚು ಜಗಳ ಆಗಿದ್ದು ಗೈರುಹಾಜರಿ ಬಗ್ಗೆ. ಮೇಲೆ ಹತ್ತಿದ ಮೇಲೆ ಕೋಣ ಕಳಿಸದೆ ಸ್ಥಾನ ಕಾಪಾಡಿಕೊಂಡು ಕೂರುತ್ತಾರೆ, ವಾರಕ್ಕೆ 10 ಅಂಕ ಕಡಿಯಿರಿ ಅಂತ ಸ್ನೇಹಿತರು ಹೇಳಿದರು. ಒಂದು ತಿಂಗಳು ಕಡಿದೆ. ಆಗ ಒಂದು ಮನೆಯ ಕೋಣದ ಗೊರಸಿಗೆ ಗಾಯ ಆಗಿತ್ತು. ಯಜಮಾನರು ಫೋನ್ ಮಾಡಿ, "ಈ ವಾರ ಬಿಟ್ಟರೆ ಎಷ್ಟು ಹೋಗ್ತದೆ?" ಅಂತ ಕೇಳಿದರು. ಅವತ್ತು ರಾತ್ರಿಯೇ ಆ ನಿಯಮ ತೆಗೆದುಹಾಕಿದೆ. ಕಂಬಳ ನಿಂತು ಹೋಗಿದ್ದನ್ನು ನೋಡಿದವರು ನಾವು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ಕಂಬಳಕ್ಕೆ ಅನುಮತಿ ಉಳಿಸಿದ 2023ರ ಮೇ ತಿಂಗಳ ತೀರ್ಪಿನವರೆಗೆ ಎಷ್ಟು ಆತಂಕ ಪಟ್ಟಿದ್ದೇವೆ. ಗಾಯದ ಕೋಣವನ್ನು ಕರೆಗೆ ಇಳಿಸುವಂಥ ಪಟ್ಟಿ ನನ್ನ ಕೈಯಿಂದ ಬರಬಾರದು. ಈಗ ಐದು ವಾರ ಬಾರದ ಜೋಡಿ "ವಿಶ್ರಾಂತಿ" ಅನ್ನುವ ಬೇರೆ ಸಾಲಿಗೆ ಹೋಗುತ್ತದೆ. ಅಂಕ ಹಾಗೇ ಇರುತ್ತದೆ. ಬಂದು ಎರಡು ಓಟ ಓಡಿದರೆ ವಾಪಸ್.

ದುಡ್ಡಿನ ವಿಷಯ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 14,000. ಒಬ್ಬರು ಆ್ಯಪ್ ಮಾಡಿಕೊಡುತ್ತೇನೆ ಅಂತ 6,000 ತೆಗೆದುಕೊಂಡರು. ಅದರಲ್ಲಿ ಕೋಣದ ಜೋಡಿ ಬದಲಾದರೆ ತಿದ್ದಲು ಜಾಗವೇ ಇರಲಿಲ್ಲ. ಅದು ನೀರಿಗೆ ಹಾಕಿದ ಹಾಗೆ. ಎಲ್ಲ ಮತ್ತೆ ಎಕ್ಸೆಲ್‌ನಲ್ಲೇ ಮಾಡಿದೆ. ಪೆಟ್ರೋಲು, ಊಟ, ಪ್ರಿಂಟು ಸೇರಿ ಮೂರು ಸೀಸನ್ನಿಗೆ 45,000 ಹತ್ತಿರ ಆಗಿರಬೇಕು. ಪ್ರಥಮ ಬಂದವರಿಗೆ ಚಿನ್ನ. ನನಗೆ ಒಂದು ಕಂಬಳದಲ್ಲಿ ಶಾಲು ಹಾಕಿದರು, ಅದನ್ನು ಜೋಪಾನವಾಗಿ ಇಟ್ಟಿದ್ದೇನೆ.

ಹೆಂಡತಿ ಹೇಳಿದ ಒಂದು ಉಪಾಯದಿಂದ ಮಾತ್ರ ತುಂಬ ಲಾಭ ಆಯಿತು. ಪೆನ್ನು ಬಿಟ್ಟು ಪೆನ್ಸಿಲಿನಲ್ಲಿ ಬರೆಯುತ್ತೇನೆ. ನೀರು ಬಿದ್ದರೂ ಅಳಿಯುವುದಿಲ್ಲ.

ಕಿರಿಯದಿಂದ ಹಿರಿಯಕ್ಕೆ ಹತ್ತುವ ಜೋಡಿಗೆ ಎಷ್ಟು ಅಂಕದಿಂದ ಶುರು ಮಾಡಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ. 1500 ಕೊಟ್ಟರೆ ಅವು ಬಂದು ಎಲ್ಲರನ್ನೂ ಕೆಳಗೆ ತಳ್ಳುತ್ತವೆ. ಹಳೆಯ ಅಂಕವನ್ನೇ ಕೊಟ್ಟರೆ ಮೊದಲ ನಾಲ್ಕು ವಾರ ಸುಮ್ನೆ ಮೇಲೆ ಕೂರುತ್ತವೆ. ಈ ನವೆಂಬರಿನಲ್ಲಿ ಎರಡರ ನಡುವಿನ ಒಂದು ಲೆಕ್ಕ ಹಾಕಿ ನೋಡುತ್ತೇನೆ. ಆ ಹಿರಿಯ ಯಜಮಾನರ ಜೋಡಿಯೂ ಈ ವರ್ಷವೇ ಹಿರಿಯಕ್ಕೆ ಬರುತ್ತಿದೆ. ಈಗಾಗಲೇ ಎರಡು ಸಲ ಫೋನ್ ಬಂದಿದೆ.